ದ್ವೀಪಕ್ಕೂ ಒಂದು ಲೆಕ್ಕ ಬೇಡವೇ?

ಹೊರನಾಡ ಕನ್ನಡಿಗರಾದ ನಮ್ಮಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಹಂಬಲ ಹುಟ್ಟಿಕೊಂಡಿದೆ. ಹಿಂದೆ ರಜೆ ಸಿಕ್ಕಿತೆಂದರೆ ಊರು; ಊರಿನಲ್ಲಿ ಮದುವೆ, ನೇಮ, ಜಾತ್ರೆ; ಎರಡು ದಿನ ಉಳಿದರೆ ಕೊಲ್ಲೂರು, ಧರ್ಮಸ್ಥಳ. ಅಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಈಗ ಹಾಗಲ್ಲ. "ಎಲ್ಲಿಯಾದರೂ ಒಂದು ಪ್ರಶಾಂತ ದ್ವೀಪಕ್ಕೆ ಹೋಗಿ ನಾಲ್ಕು ದಿನ ಇದ್ದು ಬರಬೇಕು, ಜನಜಂಗುಳಿ ಇರಬಾರದು, ಗದ್ದಲ ಇರಬಾರದು, ಯಾರೂ ಕೆಡಿಸಿರಬಾರದು" ಎಂಬ ಮಾತು ಸಂಘದ ಸಭೆ ಮುಗಿದು ಚಹಾ ಕುಡಿಯುವಾಗ, ಮದುವೆಯ ಪಂಕ್ತಿಯಲ್ಲಿ, ಲೋಕಲ್ ಗಾಡಿಯಲ್ಲಿ ಎಲ್ಲೆಡೆಯೂ ಕೇಳಿಬರುತ್ತದೆ. ಮಾಲ್ದೀವ್ಸಿಗೆ ಹೋಗಿಬಂದವರು ಮೊಬೈಲಿನಲ್ಲಿ ನೀಲಿ ನೀರಿನ ಚಿತ್ರ ತೋರಿಸುತ್ತಾರೆ. ಅಷ್ಟು ಹಣ ಜೋಡಿಸಲಾರದವರು "ನಮ್ಮ ಮಲ್ಪೆಯ ದ್ವೀಪವೇ ಸಾಕು" ಎಂದು ಮೇ ತಿಂಗಳಿಗೆ ಕಾಯುತ್ತಾರೆ.

ಘಣಸೋಲಿಯಲ್ಲಿ ಸಂಸಾರ ಹೂಡಿದವರಿಗೆ ಈ ಹಂಬಲ ಹುಟ್ಟುವುದು ಸಹಜ. ಒಂದು ಕಡೆ ಠಾಣೆ-ಬೇಲಾಪುರ ರಸ್ತೆಯ ಲಾರಿಗಳ ಆರ್ಭಟ, ಇನ್ನೊಂದು ಕಡೆ ಏಳುತ್ತಲೇ ಇರುವ ಕಟ್ಟಡಗಳ ಧೂಳು, ಬೆಳಿಗ್ಗೆ ಸಂಜೆ ರೈಲಿನ ನೂಕುನುಗ್ಗಲು. ಇಷ್ಟನ್ನು ವರ್ಷವಿಡೀ ಸಹಿಸಿದವನು ನಾಲ್ಕು ದಿನ ಕಡಲ ನಡುವೆ ಕುಳಿತು ಸುಮ್ಮನೆ ಅಲೆಯ ಸದ್ದು ಕೇಳಬೇಕೆಂದರೆ ಅದರಲ್ಲಿ ತಪ್ಪೇನಿದೆ? ಆ ಹಂಬಲವನ್ನು ಹಳಿಯಲು ಈ ಲೇಖನ ಬರೆಯುತ್ತಿಲ್ಲ. ಆದರೆ ಅದರೊಳಗೆ ನಮಗೆ ನಾವೇ ಮಾಡಿಕೊಳ್ಳುವ ಒಂದು ವಂಚನೆ ಅಡಗಿದೆ. ಅದನ್ನು ಬಯಲಿಗೆಳೆಯಬೇಕಾಗಿದೆ. ಯಾರೂ ಕೆಡಿಸದ ದ್ವೀಪ ಬೇಕೆಂದು ಹೊರಡುವ ಪ್ರತಿಯೊಬ್ಬನೂ ಆ 'ಯಾರೂ' ಎಂಬ ಪಟ್ಟಿಯಿಂದ ತನ್ನ ಹೆಸರನ್ನು ಮೊದಲೇ ತೆಗೆದುಹಾಕಿರುತ್ತಾನೆ. ಕೆಡಿಸುವವರು ಬೇರೆಯವರು, ತಾನು ಮಾತ್ರ ನೋಡಿ ಬರುವವನು ಎಂಬುದು ಅವನ ನಂಬಿಕೆ. ಪಕ್ಕದ ದೋಣಿಯಲ್ಲಿ ಕುಳಿತವನೂ ಹಾಗೆಯೇ ನಂಬಿರುತ್ತಾನೆ.

ನನ್ನ ವಾದ ಇಷ್ಟೇ. ಯಾವ ದ್ವೀಪವೂ ತನ್ನಷ್ಟಕ್ಕೆ ತಾನೇ ಕೆಡದೆ ಉಳಿಯುವುದಿಲ್ಲ. ಎಷ್ಟು ಜನ ಬಂದರು, ಏನು ತಂದರು, ಹೋಗುವಾಗ ಏನು ಬಿಟ್ಟುಹೋದರು ಎಂಬುದನ್ನು ಯಾರಾದರೂ ಬಾಗಿಲಲ್ಲಿ ನಿಂತು ಲೆಕ್ಕ ಇಟ್ಟರೆ ಮಾತ್ರ ಅದು ಉಳಿಯುತ್ತದೆ. ಲೆಕ್ಕ ಬಿಟ್ಟಲ್ಲಿ ಹಾಳಾಗುತ್ತದೆ. ನಮ್ಮ ಊರಿನ ದ್ವೀಪಗಳಿಗೆ ಆ ಲೆಕ್ಕ ಬೇಕೆಂದು ಮೊದಲು ಕೇಳಬೇಕಾದವರು ನಾವೇ, ಅಂದರೆ ವರ್ಷಕ್ಕೊಮ್ಮೆ ರೈಲು ಹತ್ತಿ ಗುಂಪಾಗಿ ಅಲ್ಲಿಗೆ ಇಳಿಯುವ ಮುಂಬಯಿ, ಠಾಣೆ, ಡೊಂಬಿವಲಿ, ನವಿಮುಂಬಯಿಯ ಕನ್ನಡಿಗರು.

ಮಲ್ಪೆಯ ದ್ವೀಪದ ವಿಷಯವನ್ನೇ ತೆಗೆದುಕೊಳ್ಳೋಣ. ಸೈಂಟ್ ಮೇರೀಸ್ ಎಂದು ಈಗ ಎಲ್ಲರೂ ಕರೆಯುವ ಈ ದ್ವೀಪಗಳು ಮಲ್ಪೆ ಬಂದರಿನಿಂದ ದೋಣಿಯಲ್ಲಿ ಅರ್ಧ ಗಂಟೆಯ ಆಚೀಚಿನ ದಾರಿ. ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿಯಿದೆ. ದಡದ ಜನರ ಬಾಯಲ್ಲಿ ಇದಕ್ಕೆ ತೋನ್ಸೆಪಾರ್ ಎಂಬ ಹೆಸರಿತ್ತು. ದಿನ ಕಳೆದು ಹೋದವನು ಇಟ್ಟ ಹೆಸರು ಫಲಕದ ಮೇಲೆ ಉಳಿಯಿತು; ತಲೆತಲಾಂತರದಿಂದ ಬಲೆ ಬೀಸಿದವರು ಕರೆದ ಹೆಸರು ಮೂಲೆಗೆ ಸೇರಿತು. ಇದು ಚಿಕ್ಕ ವಿಷಯವೆನ್ನಿಸಬಹುದು. ಆದರೆ ಈ ನೆಲ ಯಾರದು ಎಂಬ ಪ್ರಶ್ನೆ ಅಲ್ಲಿಂದಲೇ ಪ್ರಾರಂಭವಾಗುತ್ತದೆ.

ನೋಡುವವನಿಗೆ ಅಲ್ಲಿ ಏನಿದೆ? ತೆಂಗಿನ ಮರಗಳಿವೆ, ತಿಳಿಯಾದ ನೀರಿದೆ, ಮರಳಿಗಿಂತ ಹೆಚ್ಚಾಗಿ ಚಿಪ್ಪುಗಳೇ ಹಾಸಿದ ದಂಡೆಯಿದೆ. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿನ ಕಲ್ಲುಗಳಿವೆ. ಬಡಗಿಯೊಬ್ಬ ಅಳತೆ ಹಿಡಿದು ಕೊಯ್ದು ನಿಲ್ಲಿಸಿದಂತೆ ಐದು ಮುಖ, ಆರು ಮುಖದ ಕಂಬಗಳು ಸಾಲು ಸಾಲಾಗಿ ಎದ್ದು ನಿಂತಿವೆ. ಕೆಲವು ಮನೆಯ ಮಾಡಿನಷ್ಟು ಎತ್ತರ. ಇವನ್ನು ಯಾವ ಶಿಲ್ಪಿಯೂ ಕಡೆದದ್ದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಖಂಡವಾಗಿದ್ದು ಬೇರ್ಪಡುತ್ತಿದ್ದ ಕಾಲದಲ್ಲಿ, ಭೂಮಿಯ ಒಡಲಿನಿಂದ ಉಕ್ಕಿದ ಕುದಿರಸ ನಿಧಾನವಾಗಿ ಆರಿ, ಕುಗ್ಗಿ, ಬೇಸಿಗೆಯಲ್ಲಿ ಕೆರೆಯ ಕೆಸರು ಬಿರಿಯುವಂತೆ ಬಿರಿದು ಈ ಕಂಬಗಳಾದವು. ನವಿಮುಂಬಯಿಯ ಬೆನ್ನಿಗಿರುವ ಪಾರ್ಸಿಕ್ ಗುಡ್ಡವೂ, ಘಾರಾಪುರಿಯ ಗುಹೆಗಳನ್ನು ಕೊರೆದ ಬಂಡೆಯೂ ಇಂಥದೇ ಕುದಿರಸದಿಂದ ಆದವು. ಆದರೆ ದಖ್ಖಣದ ಆ ಶಿಲೆಗೆ ವಯಸ್ಸು ಸುಮಾರು 6.6 ಕೋಟಿ ವರ್ಷ. ಮಲ್ಪೆಯ ಕಲ್ಲು ಅದಕ್ಕಿಂತ ಎರಡು ಕೋಟಿ ವರ್ಷಕ್ಕೂ ಹಿರಿಯದು. 1970ರ ದಶಕದಲ್ಲಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿತು. ಮಕ್ಕಳನ್ನು ಕರೆದೊಯ್ದು ಈ ಕಥೆ ಹೇಳಿದರೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇರೆಲ್ಲಿದೆ? ಆದರೆ ನಾವು ಹೇಳುವುದೇನು? "ಆ ಕಂಬದ ಮೇಲೆ ಹತ್ತಿ ನಿಲ್ಲು ಮಗೂ, ಫೋಟೋ ತೆಗೆಯುತ್ತೇನೆ."

2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದ ಬಂಡೆಗಳಿಂದ ಕಡಲಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಕಲ್ಲಿನ ಮೇಲೆ ಪಾಚಿ ಇರುತ್ತದೆ, ಅಲೆ ಹೇಳಿ ಬರುವುದಿಲ್ಲ ಎಂಬುದು ದೋಣಿಯವರಿಗೆ ಗೊತ್ತು. ಒಳನಾಡಿನಿಂದ ಬಂದವನಿಗೆ ಗೊತ್ತಿರುವುದಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಮಲ್ಪೆಯ ತೀರದಲ್ಲಿ ತೇಲುವ ಸೇತುವೆಯೊಂದನ್ನು ಬಹಳ ಸಂಭ್ರಮದಿಂದ ತೆರೆದರು. ಎರಡು-ಮೂರು ದಿನಗಳಲ್ಲಿಯೇ ಅಲೆಗಳು ಅದನ್ನು ಬಿಡಿಬಿಡಿ ಮಾಡಿದವು. ಅದಕ್ಕೂ ಮೊದಲು, 2016ರಲ್ಲಿ, ಅದೇ ತೀರಕ್ಕೆ ಪುಕ್ಕಟೆ ವೈಫೈ ಬಂದಿತ್ತು. ಕಡಲ ಮುಂದೆ ಕುಳಿತವನು ಕಡಲನ್ನು ನೋಡದೆ ಇನ್ನೇನನ್ನೋ ನೋಡಲಿ ಎಂಬ ಏರ್ಪಾಟು! ನಮಗೆ ಬೇಕಾದದ್ದು ಪ್ರಶಾಂತತೆ ಎನ್ನುತ್ತೇವೆ. ನಮಗಾಗಿ ಸಿದ್ಧಪಡಿಸುವವರು ಮಾತ್ರ ನಮ್ಮ ಬಾಯಿಯ ಮಾತನ್ನು ನಂಬದೆ ನಮ್ಮ ನಡತೆಯನ್ನು ನೋಡಿ ಅಂಗಡಿ ಇಡುತ್ತಾರೆ. ಅವರನ್ನು ದೂರಿ ಫಲವೇನು?

ಹಾಗಿದ್ದೂ ಆ ದ್ವೀಪ ಇಷ್ಟಾದರೂ ಉಳಿದಿರುವುದು ಯಾರಿಂದ? ಮಳೆಗಾಲದಿಂದ. ಜೂನ್ ತಿಂಗಳಲ್ಲಿ ಕಡಲು ಕೆರಳಿತೆಂದರೆ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಮತ್ತೆ ಹೊರಡುವುದು ಕಡಲು ಶಾಂತವಾದ ಮೇಲೆ. ವರ್ಷದಲ್ಲಿ ನಾಲ್ಕು ತಿಂಗಳು ದ್ವೀಪಕ್ಕೆ ಯಾರೂ ಹೋಗುವಂತಿಲ್ಲ. ಆ ನಾಲ್ಕು ತಿಂಗಳಲ್ಲಿ ಅಲೆಗಳು ದಂಡೆಯನ್ನು ತೊಳೆಯುತ್ತವೆ, ಹಕ್ಕಿಗಳು ತಮ್ಮ ಜಾಗಕ್ಕೆ ಮರಳುತ್ತವೆ. ಮೀನುಗಾರರಿಗೂ ಇಂಥದೊಂದು ಕಟ್ಟುಪಾಡಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೊರಡುವಂತಿಲ್ಲ. ಮೀನು ಮರಿ ಹಾಕಲು ಕಡಲಿಗೆ ಬಿಡುವು ಬೇಕು. ಹೊಟ್ಟೆಪಾಡಿಗಾಗಿ ಕಡಲಿಗಿಳಿಯುವವನೇ ಎರಡು ತಿಂಗಳು ದೋಣಿಯನ್ನು ದಡದಲ್ಲಿ ಕಟ್ಟಿ ಕೂರುತ್ತಾನೆ. ಮೋಜಿಗಾಗಿ ಹೋಗುವವನಿಗೆ ಮಾತ್ರ ಲಗಾಮು ಬೇಡವೇ? ನಾಲ್ಕು ತಿಂಗಳ ಬಾಗಿಲನ್ನು ಮಳೆ ಹಾಕುತ್ತದೆ. ಉಳಿದ ಎಂಟು ತಿಂಗಳು ಆ ಬಾಗಿಲಲ್ಲಿ ನಿಲ್ಲುವವರು ಯಾರು?

ಲೆಕ್ಕ ತಪ್ಪಿದರೆ ಕೆಡುವುದು ದ್ವೀಪ ಮಾತ್ರವಲ್ಲ. ಕಾರವಾರದ ಬಳಿ ಕೂರ್ಮಗಡವೆಂಬ ದ್ವೀಪವಿದೆ. ಅಲ್ಲಿ ನರಸಿಂಹ ದೇವರ ಗುಡಿ. ಪುಷ್ಯ ಹುಣ್ಣಿಮೆಯಂದು ಜಾತ್ರೆ. ಸುತ್ತಲಿನ ಮೀನುಗಾರರೂ ಭಕ್ತರೂ ದೋಣಿಗಳಲ್ಲಿ ಹೋಗಿ ಪೂಜೆ ಸಲ್ಲಿಸಿ ಬರುತ್ತಾರೆ. ದೇವರ ಹೆಸರಿನಲ್ಲಿ ವರ್ಷಕ್ಕೊಂದು ದಿನ ಎಲ್ಲರೂ ಕೂಡಿ ಹೋಗಿಬರುವುದೆಂದರೆ ಅದೂ ಒಂದು ಲೆಕ್ಕವೇ, ಹಿರಿಯರು ಹಾಕಿಕೊಟ್ಟದ್ದು. ಆದರೆ 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹತ್ತಕ್ಕೂ ಹೆಚ್ಚು ಜನ ಮುಳುಗಿದರು. ಅವರಲ್ಲಿ ಮಕ್ಕಳೂ ಇದ್ದರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. ದಿನದ ಲೆಕ್ಕ ಸರಿಯಾಗಿತ್ತು, ದೋಣಿಯ ಲೆಕ್ಕ ತಪ್ಪಿತು. ನಮ್ಮ ಮುಂಬಯಿಯಲ್ಲಿಯೇ 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಘಾರಾಪುರಿಗೆ ಹೊರಟ 'ನೀಲ್ ಕಮಲ್' ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಬಡಿದದ್ದು ಯಾರ ತಪ್ಪೆಂಬುದು ಬೇರೆ ಮಾತು. ಆದರೆ ಆಮೇಲಲ್ಲವೇ ಪ್ರತಿಯೊಬ್ಬ ಪ್ರಯಾಣಿಕನಿಗೂ ಜೀವರಕ್ಷಕ ಅಂಗಿ ಬೇಕೆಂದು ಎಲ್ಲರಿಗೂ ನೆನಪಾದದ್ದು? ಅಲ್ಲಿಯವರೆಗೆ ಆ ಅಂಗಿ ಹಾಕಿಕೊಳ್ಳಿ ಎಂದರೆ "ಸೆಕೆ" ಎಂದು ಮೂಗು ಮುರಿದವರು ನಮ್ಮಲ್ಲೇ ಇಲ್ಲವೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಎತ್ತುವವರು ಸಾಮಾನ್ಯರಲ್ಲ, ಊರಿನ ಹಿತ ಬಯಸುವವರೇ. "ಊರಿನಲ್ಲಿ ಕೆಲಸವಿಲ್ಲದೆ ತಾನೇ ನಮ್ಮ ಹಿರಿಯರು ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದದ್ದು, ರಾತ್ರಿ ಶಾಲೆಗಳಲ್ಲಿ ಓದಿದ್ದು? ಈಗ ಊರಿಗೆ ಪ್ರವಾಸಿಗರು ಬರುತ್ತಿದ್ದಾರೆ, ನಾಲ್ಕು ಕಾಸು ಓಡಾಡುತ್ತಿದೆ, ಹುಡುಗರು ಊರಿನಲ್ಲೇ ನಿಲ್ಲುತ್ತಿದ್ದಾರೆ. ಆ ದ್ವೀಪದಲ್ಲಿ ನಾಲ್ಕು ವಸತಿಗೃಹ ಕಟ್ಟಿದರೆ ಇನ್ನೂ ನೂರು ಜನಕ್ಕೆ ಅನ್ನ. ಘಣಸೋಲಿಯಲ್ಲಿ ಫ್ಲ್ಯಾಟು ಮಾಡಿಕೊಂಡು ಹೊಟ್ಟೆ ತುಂಬಿದವರು ನೀವು. ಅದಕ್ಕೆ ಅಡ್ಡ ಬರುವ ಅಧಿಕಾರ ನಿಮಗೆ ಯಾರು ಕೊಟ್ಟರು?"

ಈ ಮಾತಿನಲ್ಲಿ ಕಸುವಿದೆ. ಆದ್ದರಿಂದ ಇದನ್ನು ತಳ್ಳಿಹಾಕದೆ ಉತ್ತರಿಸಬೇಕು. ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಖಾಡಿಯ ತುದಿಯಲ್ಲಿಯೇ, ಬಂದರಿನ ನೀರಿನ ನಡುವೆ ಘಾರಾಪುರಿ ಇದೆ. ಎಲಿಫೆಂಟಾ ಎಂದು ಪೋರ್ಚುಗೀಸರು ಕರೆದ ಆ ದ್ವೀಪ ನಮಗೆ ಪರಕೀಯವೂ ಅಲ್ಲ. ಬಾದಾಮಿಯ ಇಮ್ಮಡಿ ಪುಲಿಕೇಶಿ ನೌಕಾಬಲದೊಡನೆ ಮುತ್ತಿದ 'ಪುರಿ' ಎಂಬ ಪಟ್ಟಣದ ಪ್ರಸ್ತಾಪ 634ರ ಐಹೊಳೆ ಶಾಸನದಲ್ಲಿದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರೂ, ಅಲ್ಲ, ಜಂಜಿರಾ ಬಳಿಯ ರಾಜಪುರಿ ಎಂದು ಕೆಲವರೂ ಹೇಳುತ್ತಾರೆ. ಅದಿರಲಿ. 1987ರಲ್ಲಿ ಯುನೆಸ್ಕೋ ಆ ಗುಹೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ಮೂರು ಮುಖದ ಶಿವನ ಮುಂದೆ ನಿಂತು ಹೋದರು. ಆದರೆ ಅದೇ ದ್ವೀಪದ ಮೂರು ಹಳ್ಳಿಗಳ ಜನರ ಮನೆಗೆ ಪೂರ್ಣ ಪ್ರಮಾಣದ ವಿದ್ಯುತ್ತು ಬಂದದ್ದು ಯಾವಾಗ? 2018ರ ಫೆಬ್ರವರಿಯಲ್ಲಿ, ಕಡಲಡಿಯಲ್ಲಿ ಏಳೂವರೆ ಕಿಲೋಮೀಟರ್ ಉದ್ದದ ತಂತಿ ಹಾಯಿಸಿದ ಮೇಲೆ. ಅಲ್ಲಿಯವರೆಗೆ ಸಂಜೆ ಕೆಲವು ಗಂಟೆಗಳ ಜನರೇಟರ್ ಬೆಳಕು. ಎದುರಿಗೆ ರಾತ್ರಿಯಿಡೀ ಝಗಝಗಿಸುವ ಮುಂಬಯಿ! ವಿಶ್ವವಿಖ್ಯಾತಿ ಬಂದು 31 ವರ್ಷಗಳ ಅನಂತರ ದೀಪ ಬಂದಿತು. ಪ್ರವಾಸಿಗರು ಬಂದರೆ ಊರು ತಾನಾಗಿಯೇ ಉದ್ಧಾರವಾಗುತ್ತದೆ ಎನ್ನುವವರು ಈ 31 ವರ್ಷಗಳಿಗೆ ಉತ್ತರ ಹೇಳಲಿ.

ಇನ್ನು ವಸತಿಗೃಹದ ಮಾತು. ಮಲ್ಪೆಯ ದ್ವೀಪದಲ್ಲಿ ಜನವಸತಿಯಿಲ್ಲ. ಕುಡಿಯುವ ನೀರಿನಿಂದ ಹಿಡಿದು ಊಟದ ಎಲೆಯವರೆಗೆ ಎಲ್ಲವೂ ದಡದಿಂದ ಹೋಗಬೇಕು. ಹೋದದ್ದೆಲ್ಲ ಮರಳಿ ದಡಕ್ಕೆ ಬರಬೇಕು. ಅಲ್ಲಿ ರಾತ್ರಿ ನಿಲ್ಲುವ ಕಟ್ಟಡವೆಂದರೆ ಹಣವಂತನ ಕಟ್ಟಡ. ಇಂದು ದೋಣಿಯ ಚುಕ್ಕಾಣಿ ಹಿಡಿದ ಮೊಗವೀರ ಹುಡುಗ ನಾಳೆ ಆ ಕಟ್ಟಡದ ಗೇಟಿನಲ್ಲಿ ಸಮವಸ್ತ್ರ ತೊಟ್ಟು ಸಲಾಮು ಹೊಡೆಯುತ್ತಾನೆ. ಅದನ್ನು ಉದ್ಯೋಗವೆನ್ನುವುದಾದರೆ ಅನ್ನಿ, ಅಭಿವೃದ್ಧಿಯೆನ್ನಬೇಡಿ.

ಲೆಕ್ಕ ಇಡುವುದರಿಂದ ದೋಣಿಯವನ ಹೊಟ್ಟೆಗೆ ಕಲ್ಲು ಬೀಳುತ್ತದೆ ಎಂಬುದೂ ಸರಿಯಲ್ಲ. ಮೇ ತಿಂಗಳ ಭಾನುವಾರ ದಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರಿನ ಮಂಗಳವಾರ ದೋಣಿಯವನು ಜನಕ್ಕಾಗಿ ಕಾಯುತ್ತಾನೆ. ದಿನಕ್ಕೆ ಇಷ್ಟೇ ಜನ ಎಂದು ಗೊತ್ತುಮಾಡಿದರೆ ಬರುವವರು ಎಂಟು ತಿಂಗಳಿಗೆ ಹಂಚಿಹೋಗುತ್ತಾರೆ. ಒಂದು ತಿಂಗಳ ಸುಗ್ಗಿಗೆ ಬದಲು ಎಂಟು ತಿಂಗಳ ಸಂಬಳ. ದ್ವೀಪಕ್ಕೂ ಉಸಿರು, ದೋಣಿಯವನಿಗೂ ಗಂಜಿ. ಇದರಲ್ಲಿ ನಷ್ಟ ಯಾರಿಗೆ?

ಲೆಕ್ಕ ತಪ್ಪಿದವರ ಪಾಡೇನಾಯಿತೆಂಬುದನ್ನೂ ನೋಡಿ. ಥಾಯ್ಲೆಂಡಿನ ಮಾಯಾ ಕೊಲ್ಲಿಯಲ್ಲಿ 'ದ ಬೀಚ್' ಎಂಬ ಇಂಗ್ಲಿಷ್ ಸಿನೆಮಾದ ಚಿತ್ರೀಕರಣವಾಯಿತು. 2000ದಲ್ಲಿ ಆ ಚಿತ್ರ ಬಂತು. ಅದರ ಕಥೆಯೇ ಯಾರೂ ಕಾಣದ ದ್ವೀಪವನ್ನು ಹುಡುಕುವ ಹುಡುಗರದು. ಆಮೇಲೆ ಆ ಯಾರೂ ಕಾಣದ ಜಾಗಕ್ಕೆ ದಿನಕ್ಕೆ ಸಾವಿರಗಟ್ಟಲೆ ಜನ ಬರತೊಡಗಿದರು. ದೋಣಿಗಳ ಲಂಗರು ಹವಳವನ್ನು ಪುಡಿ ಮಾಡಿತು. 2018ರ ಜೂನಿನಲ್ಲಿ ಅಲ್ಲಿನ ಸರಕಾರ ಕೊಲ್ಲಿಯನ್ನೇ ಮುಚ್ಚಿತು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ಒಂದು ಬಾರಿಗೆ ಇಷ್ಟೇ ಜನ ಎಂಬ ಕಟ್ಟುನಿಟ್ಟು. ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ. ಅಷ್ಟು ಬಿಡುವು ಸಿಕ್ಕಿದ್ದಕ್ಕೆ ಹೋದ ಶಾರ್ಕ್ ಮೀನುಗಳು ಮರಳಿ ಬಂದವು. ಫಿಲಿಪ್ಪೀನ್ಸಿನ ಬೊರಾಕಾಯ್ ದ್ವೀಪದಲ್ಲಿ ಹೋಟೆಲುಗಳ ಹೊಲಸು ನೀರು ನೇರವಾಗಿ ಕಡಲಿಗೆ ಹರಿಯುತ್ತಿತ್ತು. 2018ರಲ್ಲಿ ಆರು ತಿಂಗಳು ಇಡೀ ದ್ವೀಪಕ್ಕೆ ಪ್ರವಾಸಿಗರ ಪ್ರವೇಶವೇ ಬಂದ್. ಮೊದಲೇ ಲೆಕ್ಕ ಇಟ್ಟಿದ್ದರೆ ಆರು ತಿಂಗಳು ಅಲ್ಲಿನ ಬಡವರ ಒಲೆ ಆರುತ್ತಿರಲಿಲ್ಲ.

ಮಾಲ್ದೀವ್ಸಿನ ನೀಲಿ ನೀರಿನ ಚಿತ್ರ ತೋರಿಸುವ ನಮ್ಮ ಬಂಧುಗಳಿಗೆ ಒಂದು ಮಾತು. ನೀವು ಕಂಡ ಮೌನ ನಿಜ, ಸ್ವಚ್ಛತೆಯೂ ನಿಜ. ಆದರೆ ನೀವು ಬಿಟ್ಟುಬಂದ ಕಸ ಎಲ್ಲಿಗೆ ಹೋಯಿತೆಂದು ಕೇಳಿದಿರಾ? ರಾಜಧಾನಿ ಮಾಲೆಯ ಸಮೀಪ ತಿಲಫುಶಿ ಎಂಬ ಇನ್ನೊಂದು ದ್ವೀಪವಿದೆ. 1990ರ ದಶಕದ ಮೊದಲಲ್ಲಿ ಆಳವಿಲ್ಲದ ನೀರಿಗೆ ಕಸ ತುಂಬಿ ತುಂಬಿಯೇ ಅದನ್ನು ದ್ವೀಪ ಮಾಡಿದರು. ಅಲ್ಲಿ ಕಸ ಸುಡುವ ಹೊಗೆ ವರ್ಷಗಟ್ಟಲೆ ಎದ್ದಿತು. ಒಂದು ದ್ವೀಪವನ್ನು ಅತಿಥಿಗೆ ತೋರಿಸಲು ಇನ್ನೊಂದು ದ್ವೀಪ ತಿಪ್ಪೆಯಾಗಬೇಕಾಯಿತು. ಜಗಲಿ ಗುಡಿಸಿ ಕಸವನ್ನು ನೆರೆಮನೆಯ ಅಂಗಳಕ್ಕೆ ತಳ್ಳುವವರನ್ನು ನಾವು ಊರಿನಲ್ಲಿ ಏನೆಂದು ಕರೆಯುತ್ತೇವೆ?

ಲೆಕ್ಕ ಇಡಲು ಸಾಧ್ಯವೇ ಎಂದರೆ ಅದಕ್ಕೂ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನಿದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಅಲ್ಲಿಯ ಕತ್ತದ ಹುರಿ ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಆ ದ್ವೀಪಗಳಿಗೆ ಹೊರಗಿನವರು ಕಾಲಿಡಬೇಕಾದರೆ 1967ರ ನಿಯಮದ ಪ್ರಕಾರ ಅನುಮತಿಪತ್ರ ಬೇಕು. 2024ರ ಜನವರಿಯಲ್ಲಿ ಲಕ್ಷದ್ವೀಪದ ಚಿತ್ರಗಳು ಎಲ್ಲರ ಮೊಬೈಲಿನಲ್ಲಿ ಹರಿದಾಡಿ, ನಮ್ಮಲ್ಲಿ ಹತ್ತು ಜನ ಒಮ್ಮೆಲೇ ಅಲ್ಲಿಗೆ ಹೊರಡಲು ಸಿದ್ಧರಾದಾಗ ಅವರನ್ನು ತಡೆದದ್ದು ಈ ಒಂದು ಕಾಗದ. "ನಮ್ಮ ದೇಶದಲ್ಲಿ ನಮಗೇ ಪರವಾನಗಿಯೇ?" ಎಂದು ಕೆಲವರು ಸಿಡುಕಿದರು. ನನಗಾದರೋ ಆ ಕಾಗದದಲ್ಲಿ ವಿವೇಕ ಕಾಣುತ್ತದೆ. ಹವಳದ ಮೇಲೆ ಒಂದು ತೆಳು ಪದರದಷ್ಟೇ ಸಿಹಿನೀರಿರುವ ಊರಿಗೆ ಎಷ್ಟು ಅತಿಥಿಗಳು ಬರಬಹುದೆಂಬುದನ್ನು ಆ ನೀರೇ ಹೇಳುತ್ತದೆ, ಅತಿಥಿಯ ಆಸೆಯಲ್ಲ.

ಇನ್ನೊಂದು ಆಕ್ಷೇಪವೂ ಇದೆ. "ಸಂಖ್ಯೆ ಕಡಿಮೆ ಮಾಡಿದರೆ ದರ ಏರುತ್ತದೆ, ದ್ವೀಪ ಉಳ್ಳವರ ಪಾಲಾಗುತ್ತದೆ." ದರದ ಮೂಲಕ ಲೆಕ್ಕ ಇಟ್ಟರೆ ಹಾಗಾಗುತ್ತದೆ, ಸರಿ. ಸರದಿಯ ಮೂಲಕ ಇಟ್ಟರೆ ಆಗುವುದಿಲ್ಲ. ಮತ್ಸ್ಯಗಂಧಾ ಗಾಡಿಯಲ್ಲಿ ಮೇ ತಿಂಗಳ ಟಿಕೆಟಿಗಾಗಿ ಎರಡು ತಿಂಗಳು ಮೊದಲೇ ಬೆಳಿಗ್ಗೆ ಎದ್ದು ಕೂರುವ ನಮಗೆ ಸರದಿ ಏನೆಂದು ಯಾರೂ ಕಲಿಸಬೇಕಾಗಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬಂದರೆ ರೈಲನ್ನು ಶಪಿಸುತ್ತೇವೆಯೇ ಹೊರತು ಒಂದು ಸೀಟಿಗೆ ನಾಲ್ಕು ಜನ ಕೂರುತ್ತೇವೆಂದು ಹಟ ಹಿಡಿಯುವುದಿಲ್ಲ. ಊರು ತಲುಪಲು ಅರುವತ್ತು ದಿನ ಮೊದಲು ಹೆಸರು ಬರೆಸುವವರು, ಊರಿನ ದ್ವೀಪ ನೋಡಲು ಹತ್ತು ದಿನ ಮೊದಲು ಬರೆಸಲಾರೆವೇ?

ಕೊನೆಗೆ, ದೂರದಲ್ಲಿರುವ ನಮಗೇಕೆ ಈ ಉಸಾಬರಿ ಎನ್ನುವವರಿಗೆ ಉತ್ತರ. ನಾವು ಕಾಲಿಟ್ಟಿರುವ ನೆಲವನ್ನು ಒಮ್ಮೆ ನೋಡಿ. ಘಣಸೋಲಿ ನಿನ್ನೆ ಮೊನ್ನೆ ಹುಟ್ಟಿದ ಊರಲ್ಲ. ಆಗ್ರಿ ಮತ್ತು ಕೋಲಿ ಜನರ ಹಳ್ಳಿ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಖಾಡಿ, ಖಾಡಿಯಲ್ಲಿ ಮೀನು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿಮುಂಬಯಿಯ ನಕ್ಷೆ ಹಾಕಿದಾಗ ಈ ಹಳ್ಳಿಗಳ ಭೂಮಿ ಹೋಯಿತು. ಕಾರ್ಖಾನೆಗಳು ಬಂದವು, ಅವುಗಳ ನೀರು ಖಾಡಿಗೆ ಹರಿಯಿತು, ಮೀನು ದೂರ ಸರಿಯಿತು. ಎಷ್ಟು ಮನೆ, ಎಷ್ಟು ಕಾರ್ಖಾನೆ, ಎಷ್ಟು ಕೊಳಕನ್ನು ಈ ಖಾಡಿ ತಾಳಿಕೊಂಡೀತು ಎಂಬ ಲೆಕ್ಕವನ್ನು ಯಾರೂ ಸರಿಯಾದ ಹೊತ್ತಿಗೆ ಕೇಳಲಿಲ್ಲ. ನಮ್ಮ ಮನೆಗಳು ನಿಂತಿರುವುದು ಆ ಕೇಳದೆ ಬಿಟ್ಟ ಪ್ರಶ್ನೆಯ ಮೇಲೆ. ಇಷ್ಟಾದರೂ ಉಳಿದ ಕಾಂಡ್ಲಾ ಕಾಡಿನ ಅಂಚಿನಲ್ಲಿ ಇಂದಿಗೂ ಚಳಿಗಾಲದಿಂದ ಬೇಸಿಗೆಯವರೆಗೆ ಸಾವಿರಾರು ರಾಜಹಂಸಗಳು ಬಂದಿಳಿಯುತ್ತವೆ. 2015ರಲ್ಲಿ ಖಾಡಿಯ ಒಂದು ಭಾಗವನ್ನು ರಾಜಹಂಸಗಳ ಅಭಯಾರಣ್ಯವೆಂದು ಸಾರಿದರು. 2022ರಲ್ಲಿ ಅದು ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೂ ಸೇರಿತು. ಐರೋಲಿಯಿಂದ ದೋಣಿಯಲ್ಲಿ ಕರೆದೊಯ್ದು ತೋರಿಸುತ್ತಾರೆ. ನಮ್ಮ ಮನೆಯಿಂದ ಎರಡು ಸ್ಟೇಷನ್ ದೂರ! ಬಾಲಿ ನೋಡಿದವರಿದ್ದಾರೆ, ಐರೋಲಿ ನೋಡಿದವರೆಷ್ಟು ಮಂದಿ?

ಒಂದು ಊರಿನ ನೀರು ಲೆಕ್ಕವಿಲ್ಲದೆ ಹಾಳಾದುದನ್ನು ಕಣ್ಣಾರೆ ಕಂಡವರು ನಾವು. ಅದಕ್ಕೇ ಹುಟ್ಟೂರಿನ ಬಗ್ಗೆ ಮಾತಾಡುವ ಅಧಿಕಾರ ನಮಗಿದೆ. ಅಧಿಕಾರಕ್ಕಿಂತ ಹೆಚ್ಚಾಗಿ ಹೊಣೆಯಿದೆ.

ಹಾಗಾದರೆ ಮಾಡಬೇಕಾದುದೇನು? ನಮ್ಮ ಸಂಘ-ಸಂಸ್ಥೆಗಳು ಉಡುಪಿಯ ಜಿಲ್ಲಾಡಳಿತಕ್ಕೆ ಒಂದು ಮನವಿ ಸಲ್ಲಿಸಲಿ. ಕೊಂಕಣ ರೈಲು ಬೇಕೆಂದು ಪಟ್ಟು ಹಿಡಿದು ಕೇಳಿದವರು ಮುಂಬಯಿ ಕನ್ನಡಿಗರು, ಇದನ್ನೂ ಕೇಳಬಲ್ಲರು. ಮಲ್ಪೆಯ ದ್ವೀಪಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಸಂಖ್ಯೆಯನ್ನು ಕಡಲ ಜೀವಿಗಳನ್ನು ಬಲ್ಲವರು, ದೋಣಿಯವರು ಮತ್ತು ನಗರಸಭೆಯವರು ಕೂಡಿ ಕುಳಿತು ನಿಶ್ಚಯಿಸಲಿ. ಆ ಸಂಖ್ಯೆಯನ್ನು ದಕ್ಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಲಿ. ದ್ವೀಪದಲ್ಲಿ ರಾತ್ರಿ ನಿಲ್ಲುವ ಕಟ್ಟಡ ಎಂದೆಂದಿಗೂ ಬೇಡ. ದೋಣಿ ನಡೆಸುವ ಹಕ್ಕು ದಡದ ಮೀನುಗಾರರದೇ ಆಗಿರಲಿ. ಸೈಂಟ್ ಮೇರೀಸ್ ಎಂಬ ಹೆಸರಿನ ಪಕ್ಕದಲ್ಲಿ ತೋನ್ಸೆಪಾರ್ ಎಂಬ ಹೆಸರೂ ಇರಲಿ. ಮುರುಡೇಶ್ವರದಾಚೆಯ ನೇತ್ರಾಣಿಗೂ, ಕಾರವಾರದ ದ್ವೀಪಗಳಿಗೂ ಇದೇ ನ್ಯಾಯ ಸಲ್ಲಲಿ. ನೇತ್ರಾಣಿಯ ಹವಳಗಳು ನೌಕಾಪಡೆಯ ಗುರಿ ಅಭ್ಯಾಸವನ್ನೂ ಸಹಿಸಿ ಉಳಿದಿವೆ. ನಮ್ಮ ಪ್ರೀತಿಯನ್ನು ಸಹಿಸಲಾರದೆ ಸಾಯುವಂತಾಗಬಾರದು.

ಮನವಿ ಬರೆದಷ್ಟಕ್ಕೆ ನಮ್ಮ ಪಾಲಿನ ಕೆಲಸ ಮುಗಿಯುವುದಿಲ್ಲ. ಮೇ ತಿಂಗಳ ಭಾನುವಾರ ಬಿಟ್ಟು ಬೇರೆ ದಿನ ಹೋಗೋಣ. ಅಕ್ಕ-ಭಾವ, ಅತ್ತೆ-ಮಾವ, ಮಕ್ಕಳು-ಮರಿಗಳೆಂದು ಮೂವತ್ತು ಜನ ಒಮ್ಮೆಗೇ ನುಗ್ಗುವ ಬದಲು ಹತ್ತು ಹತ್ತು ಜನ ಹೋಗೋಣ. ದೋಣಿಯವನು "ಇನ್ನು ಜಾಗವಿಲ್ಲ ಸ್ವಾಮಿ" ಎಂದರೆ "ನಾವು ಬೊಂಬಾಯಿಯಿಂದ ಬಂದವರು" ಎಂದು ಗತ್ತು ತೋರಿಸದೆ ದಡದಲ್ಲಿ ಕೂರೋಣ. ಜೀವರಕ್ಷಕ ಅಂಗಿಯನ್ನು ನಾವು ಮೊದಲು ತೊಟ್ಟು ಮಕ್ಕಳಿಗೆ ತೊಡಿಸೋಣ. ಕೊಂಡುಹೋದ ಬಾಟಲಿ, ಚೀಲ, ಬಿಸ್ಕತ್ತಿನ ಕಾಗದ ಎಲ್ಲವನ್ನೂ ಎಣಿಸಿ ಕೊಂಡುಹೋಗಿ, ಎಣಿಸಿ ವಾಪಸು ತರೋಣ. ಚಿಪ್ಪು ಹೆಕ್ಕಿ ಜೇಬು ತುಂಬಿಸಿಕೊಳ್ಳುವ ಮಗುವಿಗೆ "ಒಂದು ಸಾಕು" ಎಂದು ಹೇಳುವ ಅಪ್ಪ ಅಮ್ಮ ನಾವಾಗೋಣ. ಸಾಧ್ಯವಾದರೆ ಆ ಒಂದನ್ನೂ ಅಲ್ಲೇ ಬಿಟ್ಟುಬರುವಂತೆ ಹೇಳೋಣ.

9 ಕೋಟಿ ವರ್ಷ ನಿಂತ ಕಲ್ಲು ನಮ್ಮಿಂದ ಕರಗಿಹೋಗುವುದಿಲ್ಲ, ನಿಜ. ಆದರೆ ಅದರ ಸುತ್ತಲಿನ ನೀರು, ಹಕ್ಕಿ, ಮೀನು, ಅದರ ನೆರಳಿನಲ್ಲಿ ಬದುಕುವ ದಡದ ಜನ — ಇವರು ಅಷ್ಟು ಗಟ್ಟಿಯಲ್ಲ. ಈ ವಿಷಯದಲ್ಲಿ ಓದುಗ ಬಂಧುಗಳ ಅಭಿಪ್ರಾಯವೇನೆಂದು ಸಂಪಾದಕರಿಗೆ ಬರೆಯಿರಿ. ಒಪ್ಪದವರು ಖಂಡಿತ ಬರೆಯಿರಿ. ಆದರೆ ಈ ಬಾರಿ ಊರಿಗೆ ಹೋಗುವ ಮುನ್ನ ಬರೆಯಿರಿ.